ಅಂಕಯ್ಯನ ಕಾಲಿಗೆ ಆಯುಧಪೂಜೆ

ಅಂಕಯ್ಯನ ಆ ದಿನದ ಪಡಿಪಾಟಲಿಗೆಲ್ಲ ಕಾರಣವಾದದ್ದು ಮಿಕ್ಕುಹೋದ ಒಂದು ನಿಂಬೆಹಣ್ಣು. ಆಯುಧಪೂಜೆಯ ಬೆಳಿಗ್ಗೆ ಅವನ ಹೆಂಡತಿ ಚಿಕ್ಕಸಿದ್ದಮ್ಮ ಕುಡುಗೋಲು, ಕೊಡಲಿ, ಗುದ್ದಲಿ, ನೇಗಿಲ ಗುಳ, ಈಳಿಗೆಮಣೆ ಎಲ್ಲವನ್ನೂ ತೊಳೆದು ಗೋಡೆಗೆ ಸಾಲಾಗಿ ಒರಗಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಒಂದೊಂದರ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟಳು. ಇಟ್ಟು ಮುಗಿದ ಮೇಲೂ ಬುಟ್ಟಿಯಲ್ಲಿ ಒಂದು ಉಳಿದಿತ್ತು. ಉಪ್ಪಿನಕಾಯಿಗೆ ಆಯಿತು ಎಂದು ಅವಳು ಅದನ್ನು ಎತ್ತಿಡುವಷ್ಟರಲ್ಲಿ ಪಕ್ಕದ ಮನೆಯ ಕುಳ್ಳಮ್ಮ ಮೋಟುಗೋಡೆಯ ಮೇಲಿಂದ ಕತ್ತು ಹಾಕಿದಳು. ಆ ಕೇರಿಯಲ್ಲಿ ಏನು ನಡೆದರೂ ಅಲ್ಲಿ ಕುಳ್ಳಮ್ಮನ ಕತ್ತು ಇರಲೇಬೇಕು.

"ಎಲ್ಲಾ ಕಬ್ಣಕ್ಕೂ ಪೂಜೆ ಆಯ್ತು. ನಿನ್ ಗಂಡನ್ ಕಾಲ್ಗೆ?" ಎಂದಳು.

ಚಿಕ್ಕಸಿದ್ದಮ್ಮನ ಕೈ ನಿಂಬೆಹಣ್ಣಿನ ಮೇಲೇ ನಿಂತುಬಿಟ್ಟಿತು. ಹೌದಲ್ಲ, ಮನೆಯಲ್ಲಿರುವ ಕಬ್ಬಿಣದಲ್ಲೆಲ್ಲ ದೊಡ್ಡ ಕಬ್ಬಿಣವನ್ನೇ ಮರೆತಿದ್ದೆನಲ್ಲ ಎಂದು ಅವಳಿಗೆ ಗಾಬರಿಯಾಯಿತು.

ಅಂಕಯ್ಯನ ಕಾಲಿನಲ್ಲಿ ಕಬ್ಬಿಣ ಇದ್ದದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತುಮಾಡಿದವನು ಅವನೇ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಲ್ಲಿ, ಪಟ್ಟಣಕ್ಕೆ ಮೂರು ಮೈಲಿ ದೂರದ ಕೆರೆಕೊಪ್ಪಲು ಅವನ ಊರು. ಕಾಡಿನ ದಿಮ್ಮಿಗಳನ್ನು ಗಾಡಿಯಲ್ಲಿ ಹುಣಸೂರಿಗೆ ಸಾಗಿಸುವುದು ಅವನ ಕಸುಬು. ಹಿಂದಿನ ವರ್ಷ ಇದೇ ಆಯುಧಪೂಜೆಯ ದಿನ, ಪೂಜೆ ಮಾಡಿ ಹೂ ಮುಡಿಸಿ ನಿಲ್ಲಿಸಿದ್ದ ಗಾಡಿಯನ್ನು, ಕಂಟ್ರಾಕ್ಟರು ಅವಸರಪಡಿಸಿದರೆಂದು ಹೂಡಿಕೊಂಡು ಹೋಗಿದ್ದ. ಹಳ್ಳದ ಇಳಿಜಾರಿನಲ್ಲಿ ಗಾಡಿ ಮಗುಚಿ, ದಿಮ್ಮಿ ಅವನ ಬಲಗಾಲಿನ ಮೇಲೆ ಉರುಳಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ಅಲ್ಲಿ ಇನ್ನೊಂದು ಮಂಡಿ ಹುಟ್ಟಿದ ಹಾಗೆ ಕಾಲು ಬಾಗುತ್ತಿತ್ತು. ಪೂಜೆಗೆ ಕೂತ ಕಬ್ಬಿಣವನ್ನು ವಿಜಯದಶಮಿಗೆ ಮುಂಚೆ ಎಬ್ಬಿಸಿದ್ದರ ಫಲ ಇದು ಎಂಬುದರಲ್ಲಿ ಊರಿನ ಯಾರಿಗೂ ಅನುಮಾನ ಉಳಿಯಲಿಲ್ಲ.

ನಾಟಿ ವೈದ್ಯರು ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಸವರಿ ಕಟ್ಟಿದರು. ಎಷ್ಟೋ ಜನರ ಕೈಕಾಲು ಕೂಡಿಸಿದ್ದ ಕಟ್ಟು ಅದು. ಅಂಕಯ್ಯನ ಮೂಳೆ ಮಾತ್ರ ಹಟ ಹಿಡಿದು ಕೂತಿತು. ಸಂಕ್ರಾಂತಿಯ ಹೊತ್ತಿಗೆ ಅವನನ್ನು ಮೈಸೂರಿನ ಆಸ್ಪತ್ರೆಗೆ ಕೊಂಡೊಯ್ದರು. ಅಲ್ಲಿನ ದೊಡ್ಡ ಡಾಕ್ಟರು ಎಕ್ಸ್‌ರೇ ಪಟ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನಿಗೂ ತೋರಿಸಿದರು. ಚರ್ಮವಿಲ್ಲ, ಮಾಂಸವಿಲ್ಲ, ಕತ್ತಲಿನಲ್ಲಿ ಬೆಳ್ಳಗೆ ಅವನ ಮೂಳೆ, ನಡುವೆ ಬಿರುಕು. ಮನುಷ್ಯನ ಮೂಳೆ ನೋಡಿದವರು ಕೆರೆಕೊಪ್ಪಲಿನಲ್ಲಿ ಇದ್ದರು, ಆದರೆ ಅವರು ನೋಡಿದ್ದೆಲ್ಲ ಸತ್ತವರದು. ಬದುಕಿರುವಾಗಲೇ ತನ್ನ ಮೂಳೆಯನ್ನು ತಾನೇ ನೋಡಿದವನು ಅಂಕಯ್ಯನೊಬ್ಬನೇ. ಅವನು ಆ ಪಟಕ್ಕೆ ಕೈ ಮುಗಿದುಬಿಟ್ಟಿದ್ದ.

ಆಮೇಲೆ ಮೂಗಿಗೆ ಮತ್ತಿನ ಔಷಧಿ ಹಿಡಿದು, ಕಾಲನ್ನು ಕೊಯ್ದು ತೆರೆದು, ಮುರಿದ ತುದಿಗಳನ್ನು ಹೊಂದಿಸಿ, ಮೇಲೊಂದು ಉಕ್ಕಿನ ಪಟ್ಟಿ ಇಟ್ಟು ತಿರುಪು ಮೊಳೆಗಳಿಂದ ಬಿಗಿದು ಹೊಲಿದರು. ಬಡಗಿ ಬಿರುಕುಬಿಟ್ಟ ನೊಗಕ್ಕೆ ಪಟ್ಟಿ ಹೊಡೆಯುತ್ತಾನಲ್ಲ, ಹಾಗೆ. ಆದರೆ ನೊಗಕ್ಕೆ ಜೀವ ಇರುವುದಿಲ್ಲ. ಜೀವ ಇರುವ ಮೂಳೆಗೆ ಮೊಳೆ ತಿರುವಿ, ಆ ಜೀವ ಹೋಗದ ಹಾಗೆ ನೋಡಿಕೊಂಡ ಕೈ ಎಂಥ ಕೈ ಇರಬೇಕು ಎಂದು ಅಂಕಯ್ಯ ಮಲಗಿದಲ್ಲೇ ನೆನೆದು ನೆನೆದು ಬೆರಗಾಗುತ್ತಿದ್ದ.

ಊರಿಗೆ ಬಂದ ಮೇಲೆ ಆ ಬೆರಗನ್ನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಜನ ಸೇರುತ್ತಿದ್ದರು. ಕೆಲವರು ಕಾಲಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಒಂದು ಮನೆಯಲ್ಲಿ ಬಾಣಂತಿಯ ತಲೆದೆಸೆಗೆ ಇಡಲು ಹೊತ್ತಿಗೆ ಸರಿಯಾಗಿ ಕುಡುಗೋಲು ಸಿಗದೆ, ಗಾಳಿ ಸೋಕದಿರಲೆಂದು ಅಂಕಯ್ಯನನ್ನೇ ಕರೆದು ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿಸಿ ಕೂರಿಸಿದ್ದೂ ಉಂಟು. ಊರಿನ ಎಲ್ಲ ಕಬ್ಬಿಣಕ್ಕಿಂತ ತನ್ನ ಕಾಲೇ ಗಟ್ಟಿ ಎಂದು ಅವನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದ.

ಆದ್ದರಿಂದ ಚಿಕ್ಕಸಿದ್ದಮ್ಮ ತಟ್ಟೆ ಹಿಡಿದು ಬಂದಾಗ ಅವನು ಬೇಡವೆನ್ನಲಿಲ್ಲ. ಸಂತೋಷದಿಂದಲೇ ಪಂಚೆ ಎತ್ತಿ ಕಾಲು ಚಾಚಿದ. ಅವಳು ಕಾಲು ತೊಳೆದು, ಹೊಲಿಗೆಯ ಗುರುತಿನ ಮೇಲೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಸುತ್ತಿ, ಆ ಮಿಕ್ಕಿದ ನಿಂಬೆಹಣ್ಣನ್ನು ದಾರದಲ್ಲಿ ಪೋಣಿಸಿ ಕಟ್ಟಿದಳು. ಕುಳ್ಳಮ್ಮ ಗೋಡೆಯ ಆಚೆಯಿಂದಲೇ ಕೈ ಮುಗಿದಳು. ಅಂಕಯ್ಯ ಎದ್ದು ಮೈ ಕೊಡವಿ, ಹುಣಸೂರಿಗೆ ಹೋಗಿ ಬರುತ್ತೇನೆ ಎಂದು ಊರುಗೋಲಿಗೆ ಕೈ ಹಾಕಿದ.

"ಎಲ್ಗೆ?" ಎಂದಳು ಕುಳ್ಳಮ್ಮ. "ಪೂಜೆ ಆದ್ ಕಬ್ಣ ಎದ್ದು ಓಡಾಡ್ತದಾ?"

ಅಂಕಯ್ಯನಿಗೆ ಆಗ ಗೊತ್ತಾಯಿತು, ತಾನು ಎಲ್ಲಿಗೆ ಬಂದು ಸಿಕ್ಕಿಕೊಂಡೆ ಎಂದು. ಏಕೆಂದರೆ ಆ ದಿನ ಅವನು ಹುಣಸೂರಿಗೆ ಹೋಗದೆ ಗತಿ ಇರಲಿಲ್ಲ. ಮೈಸೂರಿನ ಆ ದೊಡ್ಡ ಡಾಕ್ಟರು ದಸರೆಯ ರಜೆಗೆ ಹುಣಸೂರಿನ ಮಾವನ ಮನೆಗೆ ಬರುವವರಿದ್ದರು. ನವಮಿಯ ದಿನ ಅಲ್ಲಿನ ಆಸ್ಪತ್ರೆಯಲ್ಲಿ ಇರುತ್ತೇನೆ, ಬಂದು ಊರುಗೋಲಿಲ್ಲದೆ ನನ್ನ ಮುಂದೆ ನಡೆದು ತೋರಿಸು, ಮೂಳೆ ಕೂಡಿಲ್ಲದಿದ್ದರೆ ಕಾಲನ್ನು ಮತ್ತೆ ತೆರೆಯಬೇಕಾದೀತು ಎಂದು ಅವರು ಹೇಳಿಕಳಿಸಿದ್ದರು. ಆ ಕೊನೆಯ ಮಾತು ಕಿವಿಗೆ ಬಿದ್ದಂದಿನಿಂದ ಅಂಕಯ್ಯನಿಗೆ ನಿದ್ದೆ ಇಲ್ಲ. ಆ ಕೈಯ ಮೇಲೆ ಅವನಿಗೆ ದೇವರಷ್ಟು ಭಕ್ತಿ. ಆದರೆ ಆ ಕೈಗೆ ಇನ್ನೊಮ್ಮೆ ಸಿಗುವುದು ಬೇಡ. ಮೂಗಿಗೆ ಬಟ್ಟೆ ಹಿಡಿದಾಗ ತಲೆಕೆಳಗಾಗಿ ಬಾವಿಗೆ ಬಿದ್ದಂತೆ ಆಗಿದ್ದು, ಎಚ್ಚರವಾದ ಮೇಲಿನ ಆ ಉರಿ, ಇವನ್ನು ನೆನೆದರೇ ಅವನ ಬಾಯಿ ಒಣಗುತ್ತಿತ್ತು. ಯಾರಿಗೂ ಹೇಳದೆ ಹಿತ್ತಿಲಿನಲ್ಲಿ ಕೋಲು ಬಿಟ್ಟು ನಡೆದು ನಡೆದು ಅಭ್ಯಾಸ ಮಾಡಿದ್ದ.

ಕುಳ್ಳಮ್ಮ ಆ ಹೊತ್ತಿಗಾಗಲೇ ಹೋಗಿ ಕಮ್ಮಾರ ಪುಟ್ಟಾಚಾರಿಯನ್ನೂ ಪಟೇಲ ಸಿದ್ದಮಲ್ಲಪ್ಪನವರನ್ನೂ ಕರೆತಂದಿದ್ದಳು. ಹಿಂದೆಯೇ ಅರ್ಧ ಊರು ಬಂತು. ಅಂಕಯ್ಯ ಎಲ್ಲರಿಗೂ ಕೈ ಮುಗಿದು, ಕಾಲಿನೊಳಗಿರುವುದು ಒಂದು ಪಟ್ಟಿ ಅಷ್ಟೆ, ಅದು ಉಳುವುದಿಲ್ಲ, ಕೊಯ್ಯುವುದಿಲ್ಲ, ಅದು ಹೇಗೆ ಆಯುಧವಾದೀತು ಎಂದು ವಾದಿಸಿದ. ಪಟೇಲರು ಪುಟ್ಟಾಚಾರಿಯ ಮುಖ ನೋಡಿದರು. ಕಬ್ಬಿಣದ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು.

ಪುಟ್ಟಾಚಾರಿ ಕೂತು, ಕಾಲಿನ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳಿದ. "ನನ್ ಇಕ್ಕಳ ಏನ್ ಮಾಡ್ತದೆ ಯೋಳು, ಅಂಕಯ್ಯ. ಹಿಡೀತದೆ. ಇದೇನ್ ಮಾಡ್ತದೆ? ಮೂಳೆ ಹಿಡೀತದೆ. ಇಕ್ಕಳ ಆಯುಧ ಆದ್ಮೇಲೆ ಇದೂ ಆಯುಧವೇ" ಎಂದ.

ಹೋದ ವರ್ಷ ಪೂಜೆ ಮುರಿದದ್ದಕ್ಕೆ ಒಂದು ಕಾಲು ಮುರಿಯಿತು, ಈ ವರ್ಷ ಏನು ಮುರಿಯುತ್ತದೋ, ಊರಿಗೇ ಕೇಡು ಬಂದರೆ ಯಾರು ಹೊಣೆ ಎಂದು ಪಟೇಲರು ಕೇಳಿದರು. ಹಾಗಾದರೆ ಕಬ್ಬಿಣದ ಕಾಲು ಊರುವುದಿಲ್ಲ, ಎಡಗಾಲು ಬರಿಯ ಮಾಂಸದ್ದಲ್ಲವೇ, ಅದರಲ್ಲೇ ಕೋಲು ಊರಿಕೊಂಡು ಕುಪ್ಪಳಿಸುತ್ತ ಹೋಗುತ್ತೇನೆ ಎಂದ ಅಂಕಯ್ಯ. ಪುಟ್ಟಾಚಾರಿ ಕೋಲನ್ನು ತಿರುಗಿಸಿ ತುದಿ ತೋರಿಸಿದ. ಸವೆಯದಿರಲೆಂದು ಅಲ್ಲಿಗೆ ಕಬ್ಬಿಣದ ಬಳೆ ತೊಡಿಸಿದ್ದವನು ಅವನೇ. ಚಿಕ್ಕಸಿದ್ದಮ್ಮ ಕೋಲನ್ನೂ ಕೊಂಡೊಯ್ದು ಕುಡುಗೋಲಿನ ಪಕ್ಕ ನಿಲ್ಲಿಸಿ ಕುಂಕುಮವಿಟ್ಟಳು.

ಅಂಕಯ್ಯ ಕೋಲಿಲ್ಲದೆ ಒಂಟಿಗಾಲಿನಲ್ಲಿ ಹೊರಟ. ಕುಪ್ಪಳಿಸಿಕೊಂಡು ಕೇರಿ ದಾಟುವಷ್ಟರಲ್ಲಿ ಕಾಲು ಸೋತು ತಿಪ್ಪೆಯ ಮೇಲೆ ಬೋರಲು ಬಿದ್ದ. ಊರೆಲ್ಲ ಓಡಿ ಬಂತು. ಬಂದವರು ಅವನನ್ನು ಎತ್ತಲಿಲ್ಲ. ಪಟ್ಟಿ ಬಗ್ಗಿದೆಯೋ ಏನೋ ಎಂದು ಕಾಲನ್ನು ಮಾತ್ರ ಎತ್ತಿ ಹಿಡಿದು ನೋಡಿದರು. ತಿಪ್ಪೆಯೊಳಗಿಂದ ಅಂಕಯ್ಯ ಅಳುವ ದನಿಯಲ್ಲಿ ತನ್ನ ಗುಟ್ಟು ಹೇಳಿಕೊಂಡ.

"ಇವತ್ತು ಓಗ್ನಿಲ್ಲ ಅಂದ್ರೆ ಕಾಲ್ನ ಮತ್ತೆ ಕುಯ್ತಾರೆ ಕಣ್ರಪ್ಪಾ. ನಂಗೆ ಭಯ ಆಯ್ತದೆ" ಎಂದ.

ಕಾಲು ಕೊಯ್ಯುವ ಮಾತು ಕೇಳಿ ಕುಳ್ಳಮ್ಮನ ಕಣ್ಣಿನಲ್ಲೂ ನೀರು ಬಂತು. ಪೂಜೆ ಮುರಿಯುವುದು ಬೇರೆ, ಹೊತ್ತುಕೊಂಡು ಹೋಗುವುದು ಬೇರೆ, ಪೂಜೆಯಾದ ದೇವರನ್ನು ಹೊರುವುದಿಲ್ಲವೇ ಎಂದು ಪಟೇಲರು ತೀರ್ಪು ಕೊಟ್ಟರು. ಗಾಡಿಗಳೆಲ್ಲ ಪೂಜೆಗೆ ನಿಂತಿದ್ದವು. ಮಂಚ ತಂದರು, ಅದರಲ್ಲಿ ಮೊಳೆಗಳಿವೆ ಎಂದು ಪುಟ್ಟಾಚಾರಿ ಬೇಡವೆಂದ. ಕೊನೆಗೆ ಹಿಂದಿನ ದಿನ ಕಡಿದಿಟ್ಟಿದ್ದ ಎರಡು ಹಸಿ ಬಿದಿರು ತಂದು, ಅಡ್ಡಕಡ್ಡಿಗಳನ್ನು ಕೊಟ್ಟು, ತೆಂಗಿನ ಹಗ್ಗ ಬಿಗಿದು, ಮೇಲೆ ಹುಲ್ಲು ಹಾಸಿದರು. ಕಟ್ಟಿ ಮುಗಿಸಿದ ಮೇಲೆ ಎಲ್ಲರಿಗೂ ಅದು ಏನೆಂದು ತಿಳಿಯಿತು, ಆದರೆ ಯಾರೂ ಬಾಯಿ ಬಿಡಲಿಲ್ಲ. ಕೆರೆಕೊಪ್ಪಲಿನವರ ಕೈಗೆ ಬಿದಿರಿನಲ್ಲಿ ಮನುಷ್ಯನನ್ನು ಹೊರುವ ಒಂದೇ ಒಂದು ಕಟ್ಟು ಬರುತ್ತಿತ್ತು.

ಅಂಕಯ್ಯ ಚಟ್ಟದ ಮೇಲೆ ಮಲಗಿದ. ನಾಲ್ಕು ಜನ ಹೆಗಲು ಕೊಟ್ಟರು. ಮುಂದೆ ಪಟೇಲರು, ಪಕ್ಕದಲ್ಲಿ ಪುಟ್ಟಾಚಾರಿ, ಹಿಂದೆ ಕುಳ್ಳಮ್ಮ, ಸೆರಗು ಬಾಯಿಗೆ ಒತ್ತಿಕೊಂಡ ಚಿಕ್ಕಸಿದ್ದಮ್ಮ. ಹಬ್ಬದ ತಮಟೆಯವರು ತಾವೂ ಇರೋಣ ಎಂದು ಸೇರಿಕೊಂಡರು. ದಾರಿಯುದ್ದಕ್ಕೂ ಎದುರಾದವರು ಪಕ್ಕಕ್ಕೆ ಸರಿದು ನಿಂತು ತಲೆಯ ಮೇಲಿನ ವಸ್ತ್ರ ತೆಗೆದರು. ತನ್ನನ್ನು ನೋಡಿ ಇಷ್ಟು ಜನ ಇಷ್ಟು ಮರ್ಯಾದೆ ತೋರಿಸಿದ್ದು ಅಂಕಯ್ಯನ ಜನ್ಮದಲ್ಲಿ ಅದೇ ಮೊದಲು, ಆದರೆ ಅದನ್ನು ಸುಖಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಹುಣಸೂರಿನ ಅಂಚಿನಲ್ಲಿ ಮರದ ಡಿಪೋದ ಮುಂದೆ ಅವನ ಹಳೆಯ ಕಂಟ್ರಾಕ್ಟರು ನಿಂತಿದ್ದರು. ಚಟ್ಟದ ಮೇಲಿನ ಮುಖದ ಗುರುತು ಹತ್ತಿ ಟೊಪ್ಪಿ ತೆಗೆದು, ಪಾಪ ಒಳ್ಳೆಯವನಾಗಿದ್ದ, ಕಾಲು ವಾಸಿಯಾದೀತೆಂದು ಕಾದಿದ್ದೆ, ಅವನ ಕೆಲಸಕ್ಕೆ ನಾಳೆಯಿಂದಲೇ ಬೇರೆಯವರನ್ನು ನೋಡಬೇಕು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಅಂಕಯ್ಯ ಧಡಕ್ಕನೆ ಎದ್ದು ಕೂತು, ಕೈ ಮುಗಿದು, "ನಾನಿನ್ನೂ ಇವ್ನಿ ಬುದ್ದಿ, ಮುಂದಿನ್ ವಾರ ಬತ್ತೀನಿ" ಎಂದ. ಕಂಟ್ರಾಕ್ಟರು ದಿಮ್ಮಿಗಳ ಹಿಂದೆ ಓಡಿ ಅಡಗಿಕೊಂಡವರು ಮೆರವಣಿಗೆ ಕಣ್ಮರೆಯಾಗುವವರೆಗೂ ಹೊರಗೆ ಬರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ದೊಡ್ಡ ಡಾಕ್ಟರು ಕುರ್ಚಿ ಹಾಕಿಕೊಂಡು ಕೂತಿದ್ದರು. ತಮಟೆ ಕೇಳಿ ಕತ್ತೆತ್ತಿ, ಚಟ್ಟ ನೋಡಿ, ಹೆಣವನ್ನು ಮುಂದಿನಿಂದ ತರಬಾರದು, ಹಿಂಬದಿಗೆ ಕೊಂಡೊಯ್ಯಿರಿ ಎಂದರು. ಆ ಮಾತು ಕೇಳಿದ್ದೇ ಅಂಕಯ್ಯನ ತಾಳ್ಮೆ ಕಡಿದುಹೋಯಿತು. ಹೊತ್ತು ತಂದಿದ್ದನ್ನು ನೋಡಿದರೆ ಮೂಳೆ ಕೂಡಿಲ್ಲವೆಂದೇ ಇವರು ತಿಳಿಯುತ್ತಾರೆ, ತಿಳಿದರೆ ಕೊಯ್ಯುತ್ತಾರೆ. ಪೂಜೆ ಮುರಿದರೆ ಮುರಿಯಲಿ ಎಂದು ಅವನು ಚಟ್ಟದಿಂದ ಇಳಿದೇಬಿಟ್ಟ. ಪುಟ್ಟಾಚಾರಿ ಅಡ್ಡ ಬರುವಷ್ಟರಲ್ಲಿ ಬಲಗಾಲು ನೆಲಕ್ಕೆ ಊರಿತ್ತು.

ಊರಿನವರೆಲ್ಲ ಕಣ್ಣು ಮುಚ್ಚಿಕೊಂಡರು. ಅಂಕಯ್ಯ ನಡೆದ. ಮೆಟ್ಟಿಲು ಹತ್ತಿದ, ಜಗಲಿಯ ಈ ತುದಿಯಿಂದ ಆ ತುದಿಗೆ ಹೋದ, ತಿರುಗಿ ಬಂದ. ಕೋಲಿಲ್ಲ, ಕುಂಟಿಲ್ಲ. ಕಾಲಿಗೆ ಕಟ್ಟಿದ್ದ ನಿಂಬೆಹಣ್ಣು ಗಂಟೆಯ ಹಾಗೆ ತೂಗುತ್ತಿತ್ತು. ಒಬ್ಬೊಬ್ಬರಾಗಿ ಕಣ್ಣು ಬಿಟ್ಟವರು ಬಾಯಿ ಮುಚ್ಚಲು ಮರೆತರು. ಹೋದ ವರ್ಷ ಇದೇ ಕಾಲು ಚರ್ಮದಲ್ಲಿ ನೇತಾಡುತ್ತಿದ್ದುದನ್ನು ಅವರೇ ನೋಡಿದ್ದರು. ಆ ಕಾಲು ಈಗ ಮನುಷ್ಯನನ್ನು ಹೊತ್ತು ನಡೆಯುತ್ತಿತ್ತು. ಚಿಕ್ಕಸಿದ್ದಮ್ಮ ಅಲ್ಲೇ ಕುಸಿದು ಕೂತು ಅತ್ತಳು.

ಡಾಕ್ಟರು ಎದ್ದು ಬಂದು, ಅವನನ್ನು ಬೆಂಚಿನ ಮೇಲೆ ಕೂರಿಸಿ, ಹೂವಿನ ಸರ ಸರಿಸಿ ಕಾಲನ್ನು ಎರಡು ಕೈಯಲ್ಲೂ ಹಿಡಿದು ಬಾಗಿಸಿ ನೋಡಿದರು. ಬಾಗಲಿಲ್ಲ. ಅವರ ಮುಖದಲ್ಲೂ ಊರಿನವರ ಮುಖದಲ್ಲಿದ್ದ ಬೆರಗೇ ಇತ್ತು.

"ಕೂಡಿದೆಯಪ್ಪ, ಚೆನ್ನಾಗಿ ಕೂಡಿದೆ. ಇದು ನಾನು ಮಾಡಿದ್ದಲ್ಲ. ನಾನು ಪಟ್ಟಿ ಹಾಕಿ ಹಿಡಿದಿಟ್ಟೆ ಅಷ್ಟೆ. ಒಳಗೆ ಅದು ತಾನೇ ಕೂಡಿಕೊಂಡಿದೆ. ಎಷ್ಟು ಸಲ ನೋಡಿದರೂ ನನಗೆ ಇದು ಹೇಗೆ ಆಗುತ್ತದೋ ತಿಳಿಯುವುದಿಲ್ಲ" ಎಂದರು.

ಅಂಕಯ್ಯನ ಎದೆಯ ಮೇಲಿನ ದಿಮ್ಮಿ ಆಗ ಉರುಳಿಹೋಯಿತು. ಅವನು ಕೂತಲ್ಲಿಂದಲೇ ಅವರ ಪಾದಕ್ಕೆ ಬಾಗಿ, ಹಾಗಾದರೆ ಬರುತ್ತೇನೆ ಸ್ವಾಮಿ ಎಂದು ಪಂಚೆ ಇಳಿಬಿಡಲು ಹೋದ. ಡಾಕ್ಟರು ಅವನ ಕಾಲನ್ನು ಬಿಡಲಿಲ್ಲ. ಅವರ ಹೆಬ್ಬೆರಳು ಹೊಲಿಗೆಯ ಗುರುತಿನ ಪಕ್ಕ ಒಂದು ಕಡೆ ನಿಂತಿತ್ತು. ಅಲ್ಲಿ ಚರ್ಮದ ಕೆಳಗೆ ಕಡಲೆಕಾಳಿನಷ್ಟು ಒಂದು ಗಂಟು, ಒತ್ತಿದರೆ ಅಲುಗುತ್ತಿತ್ತು. ಸುತ್ತ ಸ್ವಲ್ಪ ಕೆಂಪಗೆ ಬಿಸಿಯಾಗಿತ್ತು. ವಿಭೂತಿಯ ಕೆಳಗೆ ಅದು ಯಾರಿಗೂ ಕಂಡಿರಲಿಲ್ಲ.

ತಿರುಪು ಮೊಳೆಯೊಂದು ಸಡಿಲವಾಗಿ ಮೇಲಕ್ಕೆ ಎದ್ದಿದೆ ಎಂದರು ಅವರು. ಮೂಳೆ ಕೂಡುವವರೆಗೆ ಕಬ್ಬಿಣ ಬೇಕಿತ್ತು; ಕೂಡಿದ ಮೇಲೆ ದೇಹ ಅದನ್ನು ಹೊರಗಿನದೆಂದು ದೂಡುತ್ತಿದೆ. ಬಿಟ್ಟರೆ ಕೀವಾಗಿ, ಕೂಡಿದ ಮೂಳೆಯನ್ನೂ ಕೊಳೆಸುತ್ತದೆ. ಪಟ್ಟಿ, ಮೊಳೆ ಎಲ್ಲವನ್ನೂ ತೆಗೆದುಬಿಡಬೇಕು.

"ಮೂಳೆ ಕೂಡದಿದ್ರೆ ತಾನೆ ಕುಯ್ಬೇಕು ಅಂದಿದ್ದು ಸ್ವಾಮಿ?" ಎಂದ ಅಂಕಯ್ಯ.

"ಕೂಡದಿದ್ದರೆ ಬಿಗಿಯುವುದಕ್ಕೆ ಕೊಯ್ಯಬೇಕಿತ್ತು. ಕೂಡಿದೆ, ಈಗ ಬಿಚ್ಚುವುದಕ್ಕೆ ಕೊಯ್ಯಬೇಕು" ಎಂದರು ಡಾಕ್ಟರು. ಹೇಗೂ ಬಂದಿದ್ದಾನೆ, ತಾವೂ ಇಲ್ಲೇ ಇದ್ದೇವೆ, ಈಗಲೇ ಮುಗಿಸಿಬಿಡೋಣ ಎಂದು ಕೋಟಿನ ತೋಳು ಮಡಿಸತೊಡಗಿದರು. ಪುಟ್ಟಾಚಾರಿ ಪಟೇಲರ ಕಿವಿಯಲ್ಲಿ, ಪೂಜೆಯ ಕಬ್ಬಿಣವನ್ನು ನಡೆಸಿದ ಅಲ್ಲವೇ, ಮೊಳೆ ಎದ್ದು ಬಂತು ನೋಡಿ ಎಂದ. ಪಟೇಲರು ತಲೆದೂಗಿದರು.

ಅಂಕಯ್ಯನಿಗೆ ಆಗ ಒಂದು ದಾರಿ ಹೊಳೆಯಿತು. ಬೆಳಿಗ್ಗೆಯಿಂದ ತನ್ನನ್ನು ಕಾಡಿದ್ದೇ ಈಗ ತನ್ನನ್ನು ಕಾಯಬೇಕು. ಬೆಂಚಿನ ಮೇಲೆ ನೆಟ್ಟಗೆ ಕೂತು, "ಇವತ್ತು ಆಯುಧ್ಪೂಜೆ ಸ್ವಾಮಿ. ಇವತ್ತು ಕಬ್ಣ ಮುಟ್ಟಂಗಿಲ್ಲ. ಬೇಕಾರೆ ನಮ್ ಆಚಾರ್ರನ್ನೇ ಕೇಳಿ" ಎಂದ. ಪುಟ್ಟಾಚಾರಿ, ಪಟೇಲರು, ಕುಳ್ಳಮ್ಮ, ಚಟ್ಟ ಹೊತ್ತವರು, ತಮಟೆಯವರು, ಎಲ್ಲರೂ ಒಂದೇ ಬಾಯಿಯಲ್ಲಿ ಹೌದೆಂದರು. ಆ ದಿನ ಊರು ಅಂಕಯ್ಯನ ಪರವಾಗಿ ನಿಂತದ್ದು ಅದೊಂದೇ ಸಲ.

ಡಾಕ್ಟರು ತೋಳು ಮಡಿಸುವುದನ್ನು ನಿಲ್ಲಿಸಿ ಕಾಂಪೌಂಡರ್ ಗೋವಿಂದಯ್ಯನ ಕಡೆ ನೋಡಿದರು. ಗೋವಿಂದಯ್ಯ ಸಂಕೋಚದಿಂದ ಒಳಕೋಣೆಯ ಬಾಗಿಲು ತೆರೆದ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಕೊಯ್ಯುವ ಚಾಕು, ಕತ್ತರಿ, ಇಕ್ಕಳ, ಮೂಳೆಯ ಗರಗಸ, ತಿರುಪು ಮೊಳೆ ಬಿಚ್ಚುವ ತಿರುಪುಳಿ ಎಲ್ಲವನ್ನೂ ಸಾಲಾಗಿ ಜೋಡಿಸಿ, ಕುಂಕುಮವಿಟ್ಟು, ಮುಂದೆ ನಿಂಬೆಹಣ್ಣುಗಳನ್ನು ಇಟ್ಟಿದ್ದ. ಡಾಕ್ಟರು ಚಪ್ಪಲಿ ಕಳಚಿ, ಹೊಸ್ತಿಲಿನಲ್ಲಿ ನಿಂತು ಕೈ ಮುಗಿದರು.

"ನೀವು ಹೇಳಿದ್ದು ಸರಿ. ಇವತ್ತು ನಾನು ಇವನ್ನು ಮುಟ್ಟುವ ಹಾಗಿಲ್ಲ" ಎಂದರು.

ಅಂಕಯ್ಯ ಉಸಿರು ಬಿಟ್ಟ. ಎಲ್ಲ ದೇವರಿಗೂ ಮನಸ್ಸಿನಲ್ಲೇ ಕಾಯಿ ಒಡೆದ. ಡಾಕ್ಟರು ಪುಟ್ಟಾಚಾರಿಯ ಕಡೆ ತಿರುಗಿ, ನಾಳೆ ವಿಜಯದಶಮಿ, ಪೂಜೆಯಿಂದ ಇಳಿಸಿದ ಮೇಲೆ ಆಯುಧಗಳನ್ನು ಸುಮ್ಮನೆ ಇಡಬಹುದೋ ಎಂದು ಕೇಳಿದರು.

ಪುಟ್ಟಾಚಾರಿ ತನ್ನ ಕಸುಬಿನ ಮಾತು ಬಂದ ಹುರುಪಿನಲ್ಲಿ ಅಂಕಯ್ಯನ ಮುಖ ನೋಡುವುದನ್ನೇ ಮರೆತ. "ಎಂಗಾದಾತು ಬುದ್ದಿ? ಇಳಿಸ್ದೇಟ್ಗೆ ಮೊದಲ್ನೇ ಕೆಲ್ಸ ಮಾಡ್ಲೇಬೇಕು. ಆ ಮೊದಲ್ನೇ ಕೆಲ್ಸ ಚೆಂದಾಗಾದ್ರೆ ವರ್ಸೆಲ್ಲಾ ಆಯುಧ ಚೆಂದಾಗ್ ನಡೀತವೆ" ಎಂದ.

ಹಾಗಾದರೆ ನಾಳೆ ಬೆಳಿಗ್ಗೆ ಇವನದೇ ಮೊದಲ ಕೆಲಸ ಎಂದು ಡಾಕ್ಟರು ಗೋವಿಂದಯ್ಯನಿಗೆ ಹೇಳಿ, ಒಂದು ಹಾಸಿಗೆ ಹಾಕಿಸಿದರು. ಊರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇರಲಿಲ್ಲ. ನಾಳೆ ನಾವೆಲ್ಲ ಬಂದು ಆ ಪಟ್ಟಿಯನ್ನು ಕಣ್ಣಾರೆ ನೋಡುತ್ತೇವೆ ಎಂದು ಪಟೇಲರು ಹೇಳಿದರು. ಅದನ್ನು ತನ್ನ ಕುಲುಮೆಯ ಬಾಗಿಲಿಗೆ ಹೊಡೆಯುತ್ತೇನೆ ಎಂದು ಪುಟ್ಟಾಚಾರಿ ಆಗಲೇ ಕೇಳಿಕೊಂಡ. ಮುಂದಿನ ವರ್ಷ ಈ ತಾಪತ್ರಯ ಇರುವುದಿಲ್ಲ, ಆರಾಮಾಗಿ ನಡೆದಾಡು ಎಂದು ಚಟ್ಟ ಹೊತ್ತವರು ಸಮಾಧಾನ ಹೇಳಿದರು.

ಅಂಕಯ್ಯ ಹಾಸಿಗೆಯ ಮೇಲೆ ಮಲಗಿದ್ದ. ತೆರೆದ ಬಾಗಿಲಿನಿಂದ ಎದುರಿಗೇ ಆ ಮೇಜು ಕಾಣುತ್ತಿತ್ತು. ಗೋವಿಂದಯ್ಯ ದೀಪಕ್ಕೆ ಎಣ್ಣೆ ಹಾಕುತ್ತ, ಎಲ್ಲಕ್ಕೂ ಇಟ್ಟೆ, ಈ ತಿರುಪುಳಿಗೆ ಮಾತ್ರ ಒಂದು ಕಡಿಮೆಯಾಯಿತು ಎಂದು ಪೇಚಾಡಿಕೊಂಡ.

ಕುಳ್ಳಮ್ಮ ಬಾಗಿಲಿನಲ್ಲಿ ಕತ್ತು ಹಾಕಿ ನೋಡಿದಳು. ಆಮೇಲೆ ಒಳಗೆ ಬಂದು, ಅಂಕಯ್ಯನ ಕಾಲಿನಿಂದ ನಿಂಬೆಹಣ್ಣು ಬಿಚ್ಚಿಕೊಂಡು ಹೋಗಿ, ಸೆರಗಿನಿಂದ ಒರೆಸಿ, ತಿರುಪುಳಿಯ ಮುಂದೆ ಇಟ್ಟು ಕೈ ಮುಗಿದಳು.